ಎರಡನೆಯ ಸಾಲು

ದೊಡ್ಡ ಎಲೆಗಳ ಕಟ್ಟಿನೊಳಗೆ ಸಣ್ಣ ಎಲೆ ಸೇರಿಕೊಂಡಿತ್ತು. ಬೆಳಗಿನಿಂದ ಇದು ನಾಲ್ಕನೆಯ ಸಲ. ಹಾಜರಾಬಿ ಅದನ್ನು ಎಳೆದು ತೆಗೆದಳು, ಒದ್ದೆ ಗೋಣಿತಟ್ಟಿನ ಮೇಲೆ ಬೇರೆ ಇಟ್ಟಳು, ಮತ್ತೆ ಎತ್ತಿ ಅದೇ ಕಟ್ಟಿಗೆ ಸೇರಿಸಿದಳು. ಅದು ಅಲ್ಲೇ ಇರಬೇಕಿತ್ತು, ಇಲ್ಲದಿದ್ದರೆ ಸಾಲು ಕುಂಟುತ್ತಿತ್ತು. ಸವಣೂರಿನ ವೀಳ್ಯದೆಲೆಯ ತೋಟಗಳಿಂದ ಬಂದ ಬುಟ್ಟಿಗಳನ್ನು ಮನೆಯಲ್ಲೇ ಕೂತು ಬೇರೆ ಮಾಡಿ ಕಟ್ಟಿಕೊಡುವ ಹೆಂಗಸರು ಆ ಓಣಿಯಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು. ಅವರೆಲ್ಲ ದೊಡ್ಡದನ್ನು ದೊಡ್ಡದರ ಜೊತೆ, ಸಣ್ಣದನ್ನು ಸಣ್ಣದರ ಜೊತೆ ಇಡುತ್ತಿದ್ದರು. ಹಾಜರಾಬಿ ಮಾತ್ರ ಗುನುಗುತ್ತ ಉದ್ದ ಉಸಿರಿಗೆ ದೊಡ್ಡ ಎಲೆ, ಗಿಡ್ಡ ಉಸಿರಿಗೆ ಸಣ್ಣ ಎಲೆ ಇಡುತ್ತಿದ್ದಳು. ಹಾಗೆ ಇಡುತ್ತ ಹೋದರೆ ಉರ್ದು ಗಜಲಿನ ಒಂದು ಸಾಲು ಕಣ್ಣಿಗೇ ಕಾಣುತ್ತಿತ್ತು. ಅದರ ಕೆಳಗೆ ಎರಡನೆಯ ಸಾಲು ಹರಡಿದರೆ ಎಲ್ಲಿ ಕಡಿಮೆ, ಎಲ್ಲಿ ಹೆಚ್ಚು ಎಂದು ಬೆರಳೇ ಹೇಳುತ್ತಿತ್ತು. ಸಾಲು ಸರಿಹೋದ ಮೇಲೆ ಎಲ್ಲವನ್ನೂ ಮತ್ತೆ ಬೇರೆ ಮಾಡಬೇಕು. ಮರೆತ ವಾರ, ಎಲೆಯನ್ನು ಅಕ್ಕಿಆಲೂರು ಸಂತೆಗೆ ಒಯ್ಯುವ ಗುದ್ಲೆಪ್ಪ ಕಟ್ಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದ. “ಏನ್ರಿ ಹಾಜರಾಬಿ, ಕಣ್ಣು ಮಂಜಾಗ್ಯಾವೇನು? ಅಜ್ಜನೂ ಮೊಮ್ಮಗನೂ ಒಂದ ಕಟ್ಟಿನಾಗ ಕುಂತಾರಲ್ರಿ.” ಸಂತೆಯ ಜನ ತನ್ನ ಗಜಲಿಗೆ ಸುಣ್ಣ ಹಚ್ಚಿ ಅಗಿದು ಉಗುಳಿದ್ದಾರೆಂದು ನೆನೆದು ಅವಳು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು.

ಈ ಹೊತ್ತು ನಗು ಬರಲಿಲ್ಲ. ಮಧ್ಯಾಹ್ನದ ನಮಾಜು ಮುಗಿಯುತ್ತಲೇ ಉರ್ದು ಶಾಲೆಯ ದೊಡ್ಡ ಕೋಣೆಯಲ್ಲಿ ಮುಷಾಯರಾ ಇತ್ತು. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರಿನಿಂದ ಕವಿಗಳು ಬಸ್ಸಿಳಿದು ಬಂದು ಒಬ್ಬರ ಗಜಲನ್ನು ಒಬ್ಬರು ಕೇಳಿ ತಲೆದೂಗುವ ಕೂಟ ಅದು. ಕರೆಂಟಿನ ಕಾಟಕ್ಕೆ ಎರಡು ವರ್ಷದಿಂದ ಅದನ್ನು ಹಗಲಿಗೆ ತಂದಿದ್ದರು. ಅಲ್ಲಿ ಅವಳ ತಮ್ಮ ಖಲಂದರ ಗಜಲು ಓದುತ್ತಾನೆ. ಓದಿದ ಮೇಲೆ, ಅವನ ಅರವತ್ತು ಗಜಲುಗಳ ಪುಸ್ತಕ ಹುಬ್ಬಳ್ಳಿಯಲ್ಲಿ ಅಚ್ಚಿಗೆ ಹೋಗುತ್ತಿದೆಯೆಂದು ಹಾನಗಲ್ಲಿನ ಹಿರಿಯ ಕವಿ ಹಕೀಮಸಾಹೇಬರು ಎದ್ದುನಿಂತು ಸಾರುತ್ತಾರೆ. ಆ ಅರವತ್ತೂ ಹಾಜರಾಬಿಯವು. ಅದು ಅವಳನ್ನೂ ಖಲಂದರನನ್ನೂ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಎಪ್ಪತ್ತನೆಯ ಇಸವಿಯಿಂದ ಈ ಎಂಬತ್ತೊಂದರವರೆಗೆ ತಮ್ಮನ ಬಾಯಿಂದ ಅವು ಗಾಳಿಗೆ ಹೋಗುತ್ತಿದ್ದವು, ಗಾಳಿಗೆ ಹೋದದ್ದಕ್ಕೆ ಒಡೆಯರಿಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ಪುಸ್ತಕ ಹಾಗಲ್ಲ. ಪುಸ್ತಕಕ್ಕೆ ರಟ್ಟು ಇರುತ್ತದೆ, ರಟ್ಟಿನ ಮೇಲೆ ಹೆಸರಿರುತ್ತದೆ, ಇಬ್ಬರೂ ಸತ್ತ ಮೇಲೂ ಆ ಹೆಸರು ಅಲ್ಲೇ ಇರುತ್ತದೆ. ಮೊನ್ನೆ ಊಟಕ್ಕೆ ಕೂತಾಗ ಖಲಂದರ ತುತ್ತು ಕೈಯಲ್ಲೇ ಹಿಡಿದು ದೊಡ್ಡ ಉಡುಗೊರೆ ಕೊಡುವವನ ಮುಖ ಮಾಡಿ ಹೇಳಿದ್ದ: “ಆಪಾ, ಮೊದಲನೇ ಪುಟದ ಹಿಂದ ನಿನ್ನ ಹೆಸರು ಹಾಕಸ್ತೇನಿ. ನನ್ನ ಅಕ್ಕಗ ಅರ್ಪಣೆ ಅಂತ.” ಅವಳ ಗಜಲುಗಳನ್ನು ಅವಳಿಗೇ ಅರ್ಪಿಸುತ್ತಾನಂತೆ! ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಆಮೇಲೆ ಪಾತ್ರೆ ತೊಳೆಯುವಾಗ ನಾಚಿಕೆಯಾದದ್ದು ಅದಕ್ಕಲ್ಲ, ಅವನು ಹಾಗೆಂದಾಗ ಒಂದು ಗಳಿಗೆ ತನಗೆ ನಿಜವಾಗಿಯೂ ಖುಷಿಯಾಗಿತ್ತಲ್ಲ, ಅದಕ್ಕೆ.

ಖಲಂದರ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು ಎಂದು ಅವಳು ಎಲೆಯ ತೊಟ್ಟು ಮುರಿಯುತ್ತ ಎಷ್ಟೋ ಸಲ ಅಂದುಕೊಂಡಿದ್ದಾಳೆ. ಹಿರೇಕೆರೂರಿನ ಅರಳೆ ವ್ಯಾಪಾರದವನ ಮನೆಯಿಂದ, ಮದುವೆಯಾದ ಮೂರನೆಯ ವರ್ಷ, ಒಂದು ಟ್ರಂಕಿನೊಂದಿಗೆ ಅವಳು ಬಸ್ಸಿಳಿದು ಬಂದಾಗ ಏನನ್ನೂ ಕೇಳದೆ ಟ್ರಂಕು ಎತ್ತಿಕೊಂಡವನು ಅವನೇ. ಗಂಡನಿಗೆ ಸಿಕ್ಕಿದ್ದು ಒಂದು ಹಾಳೆ. ಅದರಲ್ಲಿ ಅವಳು, ನೀನು ಬರುವೆಯೆಂದು ಬಾಗಿಲು ತೆರೆದಿಟ್ಟೆ ಎಂದು ಬರೆದಿದ್ದಳು. ಗಜಲೆಂದ ಮೇಲೆ ಒಬ್ಬ ‘ನೀನು’ ಇರಬೇಕು, ಅವನು ಬರಬಾರದು, ಅವನಿಗಾಗಿ ಕಾಯಬೇಕು. ಸಾವಿರ ವರ್ಷದಿಂದ ಎಲ್ಲರೂ ಹಾಗೇ ಬರೆದಿದ್ದಾರೆ, ಗಡ್ಡ ನೆರೆತ ಮುದುಕರೂ ಬರೆದಿದ್ದಾರೆ. ಅರಳೆಯ ಮೂಟೆಯ ತೂಕ ಬಿಟ್ಟು ಬೇರೆ ತೂಕ ಅರಿಯದ ಗಂಡ ಹಾಳೆಯನ್ನು ಎರಡು ಸಲ ಓದಿದ, ಎದ್ದು ಹೋಗಿ ಹಿತ್ತಲ ಬಾಗಿಲಿನ ಅಗುಳಿ ನೋಡಿಬಂದ, ಆಮೇಲೆ ಕೇಳಿದ: “ಯಾರಿಗೆ ಬರದದ್ದು?” ಅವಳು ಗಜಲು ಎಂದಳು. ಅವನು ಮತ್ತೆ ಅದನ್ನೇ ಕೇಳಿದ. ಮನೆಯ ಹಿರಿಯರನ್ನು ಕೂರಿಸಿ ಹಾಳೆಯನ್ನು ನಡುವೆ ಇಟ್ಟ. ಅವರೆಲ್ಲರೂ ಅದನ್ನೇ ಕೇಳಿದರು. ಉತ್ತರವೇ ಇಲ್ಲದ ಪ್ರಶ್ನೆಯನ್ನು ಹತ್ತು ಸಲ ಕೇಳಿಸಿಕೊಂಡರೆ ಉತ್ತರ ಮುಚ್ಚಿಟ್ಟವರ ಮುಖವೇ ಬಂದುಬಿಡುತ್ತದೆ. ಅವಳ ಮುಖಕ್ಕೂ ಬಂತು. ಅಲ್ಲಿಂದ ಬಂದ ಮೇಲೆ ಅವಳು ಹಾಳೆ ಮುಟ್ಟಲಿಲ್ಲ. ಎಲೆ ಮುಟ್ಟಿದಳು.

ತಮ್ಮನಿಗೆ ದನಿ ಇತ್ತು. ಅವನು ಉರ್ದು ಶಾಲೆಯಲ್ಲಿ ಮಾಸ್ತರ, ಬರವಣಿಗೆ ಮುತ್ತಿನಂಥದ್ದು, ಆದರೆ ನಾಲ್ಕು ಸಾಲು ಕಟ್ಟು ಎಂದರೆ ಬೆವರುತ್ತಿದ್ದ. ಎಲೆ ಹಾಕುತ್ತ ಅವಳು ಗುನುಗಿದ್ದನ್ನು ಒಂದು ದಿನ ಅವನು ಕೇಳಿಸಿಕೊಂಡ. “ಆಪಾ, ಇದನ್ನ ನಾ ಓದಲೇನು? ನನ್ನ ಹೆಸರಲೆ ಓದಿದರ ಯಾರಿಗೆ ಬರದದ್ದು ಅಂತ ಯಾರೂ ಕೇಳೂದಿಲ್ಲ.” ಅದು ನಿಜವೇ ಆಗಿತ್ತು, ಯಾರೂ ಕೇಳಲಿಲ್ಲ. ಗಂಡಸಿನ ವಿರಹಕ್ಕೆ ಊರೇ ವಾಹ್ ವಾಹ್ ಎಂದಿತು. ಗಜಲಿನ ಒಂದೊಂದು ಜೋಡಿಸಾಲೂ ಒಂದು ಶೇರು, ಕೊನೆಯದಕ್ಕೆ ಮಕ್ತಾ ಎನ್ನುತ್ತಾರೆ, ಕವಿ ಅದರಲ್ಲಿ ತನ್ನ ಹೆಸರು ಕೂರಿಸಬೇಕು. ಅವಳು ಖಲಂದರನ ಹೆಸರು ಕೂರಿಸಿಕೊಟ್ಟಳು: ಖ-ಲನ್-ದರ್, ಒಂದು ಸಣ್ಣ ಎಲೆ, ಎರಡು ದೊಡ್ಡವು. ಆದರೆ ಅವನಿಗೂ ತಿಳಿಯದಂತೆ ಪ್ರತಿ ಗಜಲಿಗೂ ಇನ್ನೊಂದು ಮಕ್ತಾ ಮಾಡಿ ಇಟ್ಟುಕೊಂಡಳು. ಅದರಲ್ಲಿ ಹಾಜರಾ ಇದ್ದಳು, ದೊಡ್ಡದು, ಸಣ್ಣದು, ದೊಡ್ಡದು. ಅರವತ್ತು ಗಜಲಿಗೆ ಅರವತ್ತು ಕಳ್ಳ ಮಕ್ತಾ. ಅವು ಯಾವ ಕಾಗದದ ಮೇಲೂ ಇರಲಿಲ್ಲ, ಯಾವ ಕಿವಿಗೂ ಬಿದ್ದಿರಲಿಲ್ಲ. ಒಲೆಯ ಮುಂದೆ ಕೂತು ಅವುಗಳನ್ನು ಒಂದೊಂದಾಗಿ ನೆನೆಯುವಾಗ, ಕದ್ದು ಬೆಲ್ಲ ತಿಂದ ಹುಡುಗಿಯಂತೆ ಅವಳು ಬಾಗಿಲ ಕಡೆ ನೋಡುತ್ತಿದ್ದಳು.

“ಏ ಹಾಜರಾ, ಆತೇನ? ಜಾಗಾ ಹಿಡೀಬೇಕ ಮತ್ತ.” ಪಕ್ಕದ ಮನೆಯ ಮಹಾದೇವಕ್ಕ ಹಿತ್ತಲ ಗೋಡೆಯ ಆಚೆಯಿಂದ ಕೂಗಿದಳು. ಮಹಾದೇವಕ್ಕನಿಗೆ ಉರ್ದು ಬಾರದು. ಆದರೂ ಹನ್ನೊಂದು ವರ್ಷದಿಂದ ಒಂದು ಮುಷಾಯರಾ ತಪ್ಪಿಸಿದವಳಲ್ಲ, ವಿಭೂತಿ ಹಚ್ಚಿಕೊಂಡು ಬಂದು ಬಿದಿರಿನ ಪರದೆಯ ಹಿಂದೆ ಹೆಂಗಸರ ನಡುವೆ ಗಟ್ಟಿಯಾಗಿ ಕೂರುತ್ತಿದ್ದಳು. ಏನು ತಿಳಿಯುತ್ತದೆ ಎಂದು ಕೇಳಿದರೆ, ಬೀಸುಕಲ್ಲಿನ ಪದ ತಿಳಿದಂಗ ತಿಳೀತೈತಿ ಎನ್ನುತ್ತಿದ್ದಳು. ಹಾಜರಾಬಿ ಬರ್ತೇನಿ ಬರ್ತೇನಿ ಎಂದು ಕೂಗಿ ಗೋಣಿತಟ್ಟಿನ ಮೇಲಿನ ಎರಡು ಸಾಲುಗಳನ್ನು ಮತ್ತೆ ನೋಡಿದಳು. ಮೊದಲ ಸಾಲಿನಲ್ಲಿ ತಂಟೆಯಿರಲಿಲ್ಲ: *ನೆರಳಲ್ಲೇ ಬೆಳೆದ ಎಲೆಯೊಂದ ಬಿಸಿಲಿಗೆ ಹಿಡಿದು ನೋಡಿದೆ.* ಎರಡನೆಯದು ವಾರದಿಂದ ಹೀಗಿತ್ತು: *ನಿನ್ನ ಹೆಸರಿನ ಮೊದಲಕ್ಷರ ಅದರೊಳಗೆ ಹಸುರಾಗಿತ್ತು.* ಚೆನ್ನಾಗಿತ್ತು, ಎಲ್ಲರ ಗಜಲಿನ ಹಾಗೆ ಚೆನ್ನಾಗಿತ್ತು. ಅವಳು ನಿಜಕ್ಕೂ ಒಂದು ಎಲೆಯನ್ನು ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದಳು. ಅದರಲ್ಲಿ ಯಾರ ಅಕ್ಷರವೂ ಇರಲಿಲ್ಲ. ನರಗಳಿದ್ದವು, ಅದರ ಹಿಂದೆ ಅವಳ ಕೈ ಇತ್ತು. ಸಣ್ಣ ಎಲೆ ಮತ್ತೆ ದೊಡ್ಡವುಗಳ ನಡುವೆ ಹೋಯಿತು. *ನನ್ನ ಅಂಗೈಯ ಗೆರೆಗಳೇ ಅದರೊಳಗೆ ಹರಿದಿದ್ದವು.* ಅವಳು ಎಲೆ ಕೆಳಗಿಟ್ಟು ಎದ್ದಳು.

ಖಲಂದರ ಒಳಗಿನ ಕೋಣೆಯಲ್ಲಿ ಶೇರವಾನಿಯ ಗುಂಡಿ ಹಾಕಿಕೊಳ್ಳುತ್ತ ಪುಸ್ತಕಕ್ಕಾಗಿ ಆಡಬೇಕಾದ ಕೃತಜ್ಞತೆಯ ಮಾತುಗಳನ್ನು ಗೋಡೆಗೆ ಒಪ್ಪಿಸುತ್ತಿದ್ದ. ಅವನದೊಂದು ಪದ್ಧತಿ ಇತ್ತು. ಕಿಸೆಯ ಪುಸ್ತಕದಲ್ಲಿ ಮೊದಲ ಸಾಲುಗಳನ್ನಷ್ಟೇ ಬರೆದುಕೊಳ್ಳುತ್ತಿದ್ದ. ಮುಷಾಯರಾದಲ್ಲಿ ಕವಿ ಒಂದು ಸಾಲು ಹೇಳಿದರೆ ಕೂಟವೆಲ್ಲ ಅದನ್ನು ಎತ್ತಿಕೊಂಡು ಎರಡು ಮೂರು ಸಲ ಹೇಳುತ್ತದೆ. ಅಷ್ಟರಲ್ಲಿ ಎರಡನೆಯದು ಅವನಿಗೆ ನೆನಪಾಗಿಯೇ ಆಗುತ್ತಿತ್ತು. “ಐದನೇ ಶೇರಿನಾಗ ಎರಡನೇ ಸಾಲು ಬದಲಿ ಆಗೇತಿ, ಕೇಳು” ಎಂದು ಅವಳು ಬಾಗಿಲಲ್ಲಿ ನಿಂತು ಹೊಸ ಸಾಲು ಹೇಳಿದಳು. “ಹೂಂ ಹೂಂ” ಎಂದ ಅವನು, ಕೊರಳ ಗುಂಡಿ ಸಿಗದೆ ಗದ್ದ ಮೇಲೆತ್ತಿ. ಇನ್ನೊಮ್ಮೆ ಹೇಳಬೇಕಿತ್ತು. ಹನ್ನೊಂದು ವರ್ಷ ಅವನಿಗೆ ಬಾಯಿಪಾಠ ಮಾಡಿಸಿದವಳು, ಹೇಳು ನೋಡೋಣ ಎಂದು ಒಪ್ಪಿಸಿಕೊಳ್ಳದೆ ಬಿಟ್ಟವಳಲ್ಲ. ಈ ದಿನ ಬಿಟ್ಟಳು. ಸುಮ್ಮನೆ ಚಾದರ ಹೊದ್ದಳು. ಶಾಲೆಯ ದಾರಿಯುದ್ದಕ್ಕೂ, ಮಹಾದೇವಕ್ಕ ಏನೋ ಹೇಳುತ್ತ ಬರುತ್ತಿದ್ದರೂ, ಅವಳು ತನ್ನನ್ನೇ ಕೇಳಿಕೊಂಡಳು: ಸಾಲು ಒಳ್ಳೆಯದಾಗಲೆಂದು ಬದಲಿಸಿದೆನೋ, ಅವನು ಬೀಳಲೆಂದು ಬದಲಿಸಿದೆನೋ? ಗೊತ್ತಾಗಲಿಲ್ಲ. ಎರಡೂ ಇರಬಹುದು ಎನಿಸಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕೋಣೆ ತುಂಬಿತ್ತು. ಬಿಳಿ ಹಾಸಿನ ಮೇಲೆ ಹಿತ್ತಾಳೆಯ ಕಂಬದಲ್ಲಿ ಮೋಂಬತ್ತಿ ಉರಿಯುತ್ತಿತ್ತು. ಹೊರಗೆ ಬಿಸಿಲು ರಣಗುಡುತ್ತಿದ್ದರೂ ಉರಿಯಲೇಬೇಕು, ಯಾರ ಸರದಿಯೋ ಅವರ ಮುಂದೆ ಅದನ್ನು ಸರಿಸಿಡುವುದು ಹಿರಿಯರ ಕಾಲದಿಂದ ಬಂದ ರಿವಾಜು. ನಡುವೆ ದಿಂಬಿಗೊರಗಿ ಹಕೀಮಸಾಹೇಬರು ಕೂತಿದ್ದರು. ಪರದೆಯ ಸೀಳಿನಲ್ಲಿ ಅವರ ಬಿಳಿ ಗಡ್ಡ ಕಂಡಾಗ ಹಾಜರಾಬಿಗೆ ಹೋದ ವರ್ಷದ ಚಹಾ ನೆನಪಾಯಿತು. ಅವರು ಮನೆಗೆ ಬಂದಿದ್ದರು, ಅವಳು ಬಾಗಿಲ ಮರೆಯಿಂದ ತಟ್ಟೆ ಚಾಚಿದ್ದಳು. ಪಾಪ, ಹೆಣ್ಣುಮಗಳಿಗೂ ತಿಳಿಯಲಿ ಎಂದು ಅವರು ಖಲಂದರನ ಒಂದು ಶೇರಿನ ಅರ್ಥ ಬಿಡಿಸಿ ಹೇಳಿದರು: *ಕೊಡ ಇಳಿಸಿದಾಗಲೆಲ್ಲ ಬಾವಿಯೊಳಗೆ ನನ್ನ ಮುಖ ಒಡೆಯಿತು, ಕೊಡ ಮೇಲೆ ಬಂದಾಗ ತಾನೇ ಕೂಡಿಕೊಂಡಿತು.* “ಬಾವಿ ಅಂದ್ರ ಸಂಸಾರ, ತಾಯಿ. ಕೊಡ ಅಂದ್ರ ಆತ್ಮ. ನಿನ್ನ ತಮ್ಮ ದೊಡ್ಡ ಜ್ಞಾನಿ.” ಹಿರೇಕೆರೂರಿನಿಂದ ಬಂದ ಮರುದಿನ ಹಿತ್ತಲ ಬಾವಿಯಲ್ಲಿ ನೀರು ಸೇದುತ್ತ ಮಾಡಿದ ಶೇರು ಅದು. ಅವಳು ಹೌದ್ರಿ ಎಂದು ತಲೆಯಾಡಿಸಿ, ಖಾಲಿ ಬಟ್ಟಲು ಎತ್ತಿಕೊಂಡು ಒಳಗೆ ಹೋಗಿದ್ದಳು.

ಮೋಂಬತ್ತಿ ಖಲಂದರನ ಮುಂದೆ ಬಂತು. ಅವನು ಕಣ್ಣು ಮುಚ್ಚಿ ದನಿ ಎತ್ತಿದ, ಕೋಣೆಯ ಕೆಮ್ಮು ನಿಂತಿತು. ಎಂಥ ದನಿ! ಅವಳು ತೊಡೆಯ ಮೇಲೆ ಬೆರಳು ಆಡಿಸುತ್ತ ಕೇಳಿದಳು, ಒಂದು, ಎರಡು, ಮೂರು, ನಾಲ್ಕು ಶೇರು. ಪ್ರತಿಯೊಂದಕ್ಕೂ ಕೂಟ ಮೊದಲ ಸಾಲು ಎತ್ತಿಕೊಂಡಿತು, ಎರಡನೆಯದಕ್ಕೆ ವಾಹ್ ಎಂದು ನೆಲ ತಟ್ಟಿತು. ತಮ್ಮನ ಮೇಲೆ ಅವಳಿಗೆ ಎಂದಿನ ಪ್ರೀತಿ ಉಕ್ಕಿತು, ಅದರ ಬೆನ್ನಿಗೇ ಎಂದಿನ ಹೊಟ್ಟೆಕಿಚ್ಚು. ಐದನೆಯದು ಬಂತು. *ನೆರಳಲ್ಲೇ ಬೆಳೆದ ಎಲೆಯೊಂದ ಬಿಸಿಲಿಗೆ ಹಿಡಿದು ನೋಡಿದೆ.* ಸವಣೂರಿನಲ್ಲಿ ಎಲೆ ಅರಿಯದವರು ಯಾರಿದ್ದಾರೆ? ಕೂಟ ಆ ಸಾಲನ್ನು ಬಾಚಿ ಎತ್ತಿಕೊಂಡಿತು, ಒಮ್ಮೆ, ಎರಡು ಸಲ, ಮೂರು ಸಲ. ಖಲಂದರ ಬಾಯಿ ತೆರೆದ, ಮುಚ್ಚಿದ. ಮೊದಲ ಸಾಲನ್ನು ತಾನೇ ಮತ್ತೆ ಹಾಡಿದ. ಜನ ಮತ್ತೆ ಎತ್ತಿಕೊಂಡರು, ಈ ಸಲ ಸ್ವಲ್ಪ ಸಣ್ಣ ದನಿಯಲ್ಲಿ. ಅವನ ಕೈ ಕಿಸೆಯ ಪುಸ್ತಕಕ್ಕೆ ಹೋಯಿತು, ಅಲ್ಲಿ ಎರಡನೆಯ ಸಾಲು ಎಂದೂ ಇರಲಿಲ್ಲ. ಹಳೆಯದೂ ಹೊಸದೂ ಒಂದೇ ಬಾಗಿಲಲ್ಲಿ ನುಗ್ಗಿ ಸಿಕ್ಕಿಕೊಂಡಿವೆ ಎಂದು ಅವಳಿಗೆ ಇಲ್ಲಿಂದಲೇ ಕಂಡಿತು. ಶೇರವಾನಿಯ ಬೆನ್ನು ಒದ್ದೆಯಾಗುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಖಲಂದರಮಿಯಾ,” ಎಂದರು ಹಕೀಮಸಾಹೇಬರು ಮೆಲ್ಲಗೆ, “ಮುಂದ?”

ಮಹಾದೇವಕ್ಕನ ಮೊಣಕೈ ಅವಳ ಪಕ್ಕೆಗೆ ತಿವಿಯಿತು. “ಅಯ್ಯ, ಇದನ್ನ ನೀ ಬೆಳಗಿಂದ ಗುಣುಗುಣು ಅನ್ನಾಕತ್ತಿದ್ದೆಲ್ಲ? ಗ್ವಾಡಿ ಆಚೀಕ ನನಗ ಕೇಳಸ್ತಿತ್ತು. ಇದರ ಮುಂದಿಂದೂ ನಿನಗ ಗೊತ್ತೈತಿ. ನೀನ ಹೇಳ.” ಹಾಜರಾಬಿ ಅವಳ ಕೈ ಹಿಡಿದುಕೊಂಡಳು. “ಹೆಂಗ ಹೇಳ್ಲಿ ಮಹಾದೇವಕ್ಕ? ಎಲ್ಲಾರೂ ಕೇಳ್ತಾರ.” “ಕೇಳಾಕಂತನ ಬಂದಾರಲ್ಲ ಅವರು” ಎಂದಳು ಮಹಾದೇವಕ್ಕ. ಹಿರೇಕೆರೂರಿನ ಆ ನಡುಮನೆ, ಚಾಪೆಯ ಮೇಲಿನ ಹಾಳೆ, ಸುತ್ತ ಕೂತ ಗಡ್ಡಗಳು ಅವಳ ಕಣ್ಣ ಮುಂದೆ ಬಂದವು. ಮೊದಲ ಸಾಲನ್ನು ಯಾರು ಬೇಕಾದರೂ ಎತ್ತಬಹುದು, ಅದು ಎಲ್ಲರ ಕಿವಿಗೂ ಬಿದ್ದದ್ದು. ಎರಡನೆಯದು ಇನ್ನೂ ಯಾರೂ ಕೇಳದ್ದು, ಓದುವವನಿಗೇ ಬಾರದ್ದನ್ನು ಹೇಳಿಕೊಟ್ಟವಳೇ ಬರೆದವಳು ಎಂದಾರು. ಬಾಯಿ ಬಿಟ್ಟರೆ ಹನ್ನೊಂದು ವರ್ಷವೂ ಬಿಚ್ಚಿಕೊಳ್ಳುತ್ತದೆ. ಆದರೆ ಅಲ್ಲಿ ಸಾಲು ಅರ್ಧಕ್ಕೆ ನಿಂತಿತ್ತು. ಅವಳಿಗೆ ತಡೆಯಲಾಗದೆ ಹೋದದ್ದು ತಮ್ಮನ ಬೆವರಲ್ಲ, ಪುಸ್ತಕದ ರಟ್ಟಿನ ಹೆಸರೂ ಅಲ್ಲ. ತನ್ನ ಸಾಲು ನಾಲ್ಕು ಊರಿನ ಜನರ ನಡುವೆ ಒಂಟಿಕಾಲಿನಲ್ಲಿ ನಿಂತಿತ್ತು, ಅದು.

“*ನನ್ನ ಅಂಗೈಯ ಗೆರೆಗಳೇ ಅದರೊಳಗೆ ಹರಿದಿದ್ದವು.*”

ಅವಳ ದನಿ ಖಲಂದರನದರಂತೆ ಇಂಪಾಗಿರಲಿಲ್ಲ. ಒಲೆಯ ಹೊಗೆ ಕುಡಿದ, ಸ್ವಲ್ಪ ಒಡಕು ದನಿ. ಆದರೆ ಒಂದೊಂದು ಅಕ್ಷರವೂ ತನ್ನ ಜಾಗದಲ್ಲಿ ಕೂತಿತು. ಯಾರೂ ವಾಹ್ ಎನ್ನಲಿಲ್ಲ. ತಲೆಗಳೆಲ್ಲ ಪರದೆಯ ಕಡೆ ತಿರುಗಿದವು. ಪಕ್ಕದ ಹೆಂಗಸರು ಮಹಾದೇವಕ್ಕನೊಬ್ಬಳನ್ನು ಬಿಟ್ಟು ಅವಳಿಂದ ಒಂದು ಮೊಳ ದೂರ ಸರಿದದ್ದು ಅವಳಿಗೆ ಗೊತ್ತಾಯಿತು. ಯಾರಿಗೆ ಬರೆದದ್ದು ಎಂದು ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಅವಳು ಕಾದಳು. ಖಲಂದರ ಅತ್ತ ನೋಡಿದ. ಪರದೆಯ ಸೀಳಿನಲ್ಲಿ ಅವನ ಮುಖ ಅವಳಿಗೆ ಪೂರ್ತಿ ಕಂಡಿತು. ಅದರಲ್ಲಿ ಸಿಟ್ಟಿರಲಿಲ್ಲ. ಜ್ವರ ಬಿಟ್ಟವನ ಮುಖ ಅದು. ಇದು ನಿನ್ನದೇ ಏನು ಎಂದು ಪ್ರತಿ ಮುಷಾಯರಾದಲ್ಲಿ ಯಾರಾದರೂ ಕೇಳಿಯಾರೆಂದು ಅವನೂ ಹೆದರಿಕೊಂಡೇ ಇದ್ದನೆಂದು ಅವಳಿಗೆ ಈ ಹೊತ್ತಿನವರೆಗೆ ಹೊಳೆದಿರಲೇ ಇಲ್ಲ. “ಇದು ಆಪಾಂದು” ಎಂದ ಅವನು. ಮತ್ತೆ ಹೇಳಿದ, “ಎಲ್ಲಾನೂ ಆಪಾಂದ. ಮೊದಲಿಂದ. ನಂದು ಬರೇ ದನಿ.”

ಹಕೀಮಸಾಹೇಬರು ದಿಂಬು ಬಿಟ್ಟು ನೆಟ್ಟಗೆ ಕೂತರು. ಪರದೆಯ ಕಡೆ ತಿರುಗಿ ಕೇಳಿದಾಗ ಅವರ ದನಿಯಲ್ಲಿ ಮುದುಕರ ಗತ್ತು ಇರಲಿಲ್ಲ. “ತಾಯಿ, ಆ ಬಾವೀದು? ಅದೂ ನಿಂದ ಏನು?”

“ನಂದ್ರಿ ಸಾಹೇಬ್ರ” ಎಂದಳು ಹಾಜರಾಬಿ. ಇಷ್ಟಕ್ಕೆ ನಿಲ್ಲಿಸಬೇಕೆಂದಿದ್ದಳು, ಆಗಲಿಲ್ಲ. “ಆದರ ಅದು ಆತ್ಮ ಅಲ್ರಿ. ನಮ್ಮ ಹಿತ್ತಲದಾಗಿನ ಬಾವಿ.”

ಶಿಗ್ಗಾಂವಿಯಿಂದ ಬಂದವರೊಬ್ಬರು ಮೊದಲು ನಕ್ಕರು, ಆಮೇಲೆ ಕೋಣೆಯೇ ನಕ್ಕಿತು, ಕೊನೆಗೆ ಹಕೀಮಸಾಹೇಬರೇ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. “ನನ್ನ ಮೂರ್ಖತನ ನೋಡ್ರಿ! ಆಕೀ ಬಾವಿಗೆ ಆಕೀನ್ನ ಕರಕೊಂಡು ಹೋಗಿ ಆಳ ತೋರಿಸಿ ಬಂದೇನಿ.” ನಗು ಇಳಿದ ಮೇಲೆ ಅವರು ಖಲಂದರನಿಗೆ ಹೇಳಿದರು: “ಹುಬ್ಬಳ್ಳಿಗೆ ಹೇಳಿ ಕಳಸು. ಮೊದಲನೇ ಪುಟ ಹೊಸದಾಗಿ ಬರೀಲಿ. ಯಾರ ಹೆಸರಂತ ನಾ ಹೇಳಬೇಕಿಲ್ಲ.” ಆಮೇಲೆ ಕೂಟಕ್ಕೆ ಹೇಳಿದರು: “ಗಜಲು ಮುಗಿದಿಲ್ಲ. ಸರದಿ ಯಾರದೈತಿ?”

ಹೆಂಗಸರ ಕಡೆ ಮೋಂಬತ್ತಿ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಖಲಂದರನೇ ಎದ್ದ. ಹಿತ್ತಾಳೆಯ ಕಂಬವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ದಾರಿ ಬಿಟ್ಟ ಜನರ ನಡುವೆ, ಉರಿ ಆರದಂತೆ ಒಂದೊಂದೇ ಹೆಜ್ಜೆ ಇಟ್ಟು ಬಂದ. ಟ್ರಂಕು ಎತ್ತಿಕೊಂಡ ದಿನವೂ ಅವನು ಹೀಗೇ ನಡೆದಿದ್ದ. ಪರದೆಯ ಮುಂದೆ ಮಂಡಿಯೂರಿ ಮೋಂಬತ್ತಿಯನ್ನು ಇಟ್ಟು, ಅವಳಿಗೆ ಮಾತ್ರ ಕೇಳಿಸುವಂತೆ ಹೇಳಿದ: “ಓದು ಆಪಾ. ಇನ್ನ ಮ್ಯಾಲೆ ಸಾಲು ನಾ ಎತ್ತತೇನಿ.” ಮತ್ತು ಅಲ್ಲೇ, ಕೇಳುವವರ ಜಾಗದಲ್ಲಿ, ಚಕ್ಕಳಮಕ್ಕಳ ಹಾಕಿ ಕೂತ. ಬಿದಿರಿನ ಸೀಳುಗಳಲ್ಲಿ ಹಾದು ಬೆಳಕು ಅವಳ ಕೈಮೇಲೆ ಗೆರೆಗೆರೆಯಾಗಿ ಬಿತ್ತು. ಅವಳು ಐದನೆಯದನ್ನು ಮೊದಲಿನಿಂದ ಓದಿದಳು, ಆರನೆಯದನ್ನು ಓದಿದಳು. ಪ್ರತಿ ಸಾಲನ್ನೂ ಮೊದಲು ಎತ್ತಿಕೊಂಡ ದನಿ ಖಲಂದರನದಾಗಿತ್ತು, ಅದರ ಹಿಂದೆ ಕೋಣೆಯದು. ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ. ಇಷ್ಟು ಸಂತೋಷವನ್ನು ಅವಳು ಎಂದೂ ಕಂಡಿರಲಿಲ್ಲ, ನಾಳೆ ಓಣಿಯವರು ಏನೇ ಅಂದುಕೊಳ್ಳಲಿ.

ಮಕ್ತಾ ಬಂತು. ತಮ್ಮನಿಗೆ ಕಲಿಸಿದ್ದು ನಾಲಿಗೆಯ ತುದಿಯಲ್ಲಿ ತಾನಾಗಿಯೇ ಬಂದು ನಿಂತಿತು. ಅವಳು ಅದನ್ನು ಪಕ್ಕಕ್ಕೆ ಸರಿಸಿ, ಬಚ್ಚಿಟ್ಟವುಗಳಲ್ಲಿ ಇದಕ್ಕೆ ಸೇರಿದ್ದನ್ನು ಹೊರಗೆ ತೆಗೆದಳು. ತೊಡೆಯ ಮೇಲೆ ಬೆರಳು ಮೂರು ಸಲ ಆಡಿತು, ದೊಡ್ಡದು, ಸಣ್ಣದು, ದೊಡ್ಡದು.

“*ಯಾರಿಗೆಂದು ಕೇಳಿದವರಿಗೆ ಹಾಜರಾ ಇಷ್ಟೇ ಹೇಳಿದಳು,*” ಎಂದಳು. ಖಲಂದರ ಎತ್ತಿಕೊಂಡ, ಕೋಣೆ ಎತ್ತಿಕೊಂಡಿತು, ಗಂಡಸರ ಬಾಯಿಯಲ್ಲಿ ತನ್ನ ಹೆಸರು ಮೂರು ಸಲ ಹಾದುಹೋಗುವುದನ್ನು ಅವಳು ಕೂತು ಕೇಳಿದಳು. ಆಮೇಲೆ ಎರಡನೆಯ ಸಾಲು ಹೇಳಿದಳು.

“*ಬಾಗಿಲು ತೆರೆದಿಟ್ಟದ್ದು ಯಾರೋ ಬರಲೆಂದಲ್ಲ, ನಾನೇ ಹೊರಡಲೆಂದು.*”

ಹಿರೇಕೆರೂರಿನ ನಡುಮನೆಯಿಂದ ಇಲ್ಲಿಯವರೆಗೆ ಅವಳು ಹೆದರಿದ್ದು ಒಂದೇ ಪ್ರಶ್ನೆಗೆ. ಈಗಲೂ ಅದಕ್ಕೇ ಕಾದಳು. ಪರದೆಯ ಆಚೆ ನೆಲ ತಟ್ಟುವ ಸದ್ದು ಎದ್ದಿತು, ಅದು ನಿಲ್ಲಲಿಲ್ಲ, ಅದರ ನಡುವೆ ಹಕೀಮಸಾಹೇಬರ ಒಡೆದ ಕಂಠ ಏನನ್ನೋ ಕೂಗುತ್ತಿತ್ತು, ಖಲಂದರನೂ ಅದನ್ನೇ ಕೂಗುತ್ತಿದ್ದ, ಹಿಂದಿನ ಸಾಲಿನವರೂ ಅದನ್ನೇ. “ಏನಂತ ಕೇಳಾಕತ್ತಾರಲೇ ಅವರು?” ಎಂದು ಮಹಾದೇವಕ್ಕ ಕಿವಿಯಲ್ಲಿ ಕೇಳಿದಳು.

“ಮತ್ತೊಮ್ಮೆ ಹೇಳು ಅನ್ನಾಕತ್ತಾರ” ಎಂದಳು ಹಾಜರಾಬಿ, ಮತ್ತೊಮ್ಮೆ ಹೇಳಿದಳು.